ಜಾಂಗ್‌ದೋ: ಕೊರಿಯಾ ದೇಶದ ಅಲಂಕಾರಚೂರಿ

ಕೊರಿಯಾ ದೇಶದ ಭಾಷೆಯಲ್ಲಿ 'ಜಾಂಗ್‌ದೋ' ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ನಮ್ಮ ನುಡಿಯಲ್ಲಿ ಸಂಸ್ಕೃತದ ತತ್ಸಮಗಳಿರುವಂತೆ ಅಲ್ಲಿ ಚೀನೀ ಮೂಲದ ಪದಗಳು ಹೇರಳವಾಗಿದ್ದು, ಲಿಪಿ ಬೇರೆಯಾದರೂ ಉಚ್ಚಾರಣೆ ಒಂದೇ ಆಗುವ ಪ್ರಸಂಗಗಳು ಅನೇಕ. ಒಂದು ಬಗೆಯ ಅಕ್ಷರಗಳಲ್ಲಿ ಬರೆದರೆ ಅದು ಯೋಧನ ನೀಳವಾದ ಖಡ್ಗ. ಇನ್ನೊಂದು ಬಗೆಯಲ್ಲಿ ಬರೆದರೆ ಅಂಗೈಯಲ್ಲಿ ಅಡಗುವ ಅಲಂಕಾರದ ಚೂರಿ. ಪ್ರಕೃತ ನಮ್ಮ ವಿಚಾರಕ್ಕೆ ವಿಷಯವಾದದ್ದು ಎರಡನೆಯದು. ಹಳೆಯ ವಸ್ತುಗಳ ಪಟ್ಟಿಗಳನ್ನು ಓದುವವರು ಈ ಭೇದವನ್ನು ಮೊದಲು ಮನಸ್ಸಿನಲ್ಲಿಡಬೇಕು.

ಈ ಚೂರಿಯನ್ನು ಧರಿಸುವ ವಾಡಿಕೆ ಗೊರ್ಯೊ ಅರಸರ ಕಾಲದಿಂದ ಬಂದು, 1392ರಿಂದ 1910ರವರೆಗೆ ಆಳಿದ ಜೋಸೊನ್ ವಂಶದ ಕಾಲದಲ್ಲಿ ವ್ಯಾಪಕವಾಯಿತು. ಸೊಂಟಕ್ಕೋ ಮೇಲುಡುಪಿನ ದಾರಕ್ಕೋ ತೂಗಹಾಕಿದರೆ 'ಪೇದೋ', ಚೀಲದೊಳಗೆ ಇಟ್ಟುಕೊಂಡರೆ 'ನಾಂಗ್‌ದೋ', ಬೆಳ್ಳಿಯಿಂದ ಸಿಂಗರಿಸಿದ್ದರೆ 'ಉನ್‌ಜಾಂಗ್‌ದೋ'. ಸ್ತ್ರೀಯರು 'ನೊರಿಗೆ' ಎಂಬ ಕುಚ್ಚಿನ ಆಭರಣದೊಡನೆ ಇದನ್ನು ಕಟ್ಟಿಕೊಳ್ಳುತ್ತಿದ್ದರು. ಇದು ಕೇವಲ ಸ್ತ್ರೀಯರ ವಸ್ತುವೆಂದು ಅನೇಕರು ಭಾವಿಸುವುದುಂಟು. ಅದು ಸರಿಯಲ್ಲ, ಪುರುಷರೂ ಧರಿಸುತ್ತಿದ್ದರು. ಕೆಲವು ಚೂರಿಗಳ ಒರೆಗೆ ಒಂದು ಜೊತೆ ಬೆಳ್ಳಿಯ ಊಟದ ಕಡ್ಡಿಗಳನ್ನು ಸೇರಿಸಿರುತ್ತಾರೆ. ಅನ್ನದಲ್ಲಿ ವಿಷ ಬೆರೆತಿದ್ದರೆ ಬೆಳ್ಳಿ ಕಪ್ಪಾಗುವುದೆಂಬುದು ಅಂದಿನವರ ನಂಬಿಕೆ. ಗಂಧಕ ಸೇರಿದ ಪದಾರ್ಥ ತಗುಲಿದರೆ ಬೆಳ್ಳಿ ಕಪ್ಪಾಗುವುದು ನಿಜ. ಆದರೆ ಎಲ್ಲ ವಿಷವೂ ಹೀಗೆ ಸಿಕ್ಕಿಬೀಳುವುದಿಲ್ಲ.

ಒರೆಗೂ ಹಿಡಿಗೂ ಬಳಸುವ ದ್ರವ್ಯಗಳ ವೈವಿಧ್ಯ ಆಶ್ಚರ್ಯಕರವಾದುದು: ಬೆಳ್ಳಿ, ಬಿಳಿತಾಮ್ರ, ಎತ್ತಿನ ಕೊಂಬು, ಬಿದಿರು, ಕರಿಮರ, ಪಚ್ಚೆಯಂಥ ಜೇಡ್ ಶಿಲೆ, ಆಮೆಯ ಚಿಪ್ಪು, ದಂತ. ತಾಮ್ರಕ್ಕೆ ಅಲ್ಪ ಪ್ರಮಾಣದ ಚಿನ್ನ ಬೆರೆಸಿ, ಅದರ ಮೈಯನ್ನು ಕಾಗೆಯಂತೆ ಕಪ್ಪಾಗಿಸಿ, ಮೇಲೆ ಬೆಳ್ಳಿಯ ರೇಖೆಗಳನ್ನು ಕೂರಿಸುವ 'ಓದೋಂಗ್' ಕೆಲಸ ಇವೆಲ್ಲಕ್ಕಿಂತ ಸೊಗಸಾದುದೆಂದು ನನ್ನ ಅಭಿಪ್ರಾಯ. ಚಿತ್ರಗಳೆಂದರೆ ದೀರ್ಘಾಯುಷ್ಯದ ಸಂಕೇತಗಳಾದ ಹತ್ತು ವಸ್ತುಗಳು, ಅಂದರೆ ಸೂರ್ಯ, ಬೆಟ್ಟ, ನೀರು, ದೇವದಾರು ಜಾತಿಯ ಮರ, ಕೊಕ್ಕರೆ, ಜಿಂಕೆ, ಆಮೆ ಮೊದಲಾದುವು. ಇಂಥ ವೈಭವ ರಾಜ್ಯದ ಕಣ್ಣಿಗೆ ಬೀಳದಿರುವುದೇ? ಸಾಮಾನ್ಯರು ಬೆಳ್ಳಿಯ ಚೂರಿ ಧರಿಸಬಾರದೆಂದು 1498ರಲ್ಲಿ ನಿಷೇಧವಾಯಿತು. 1670ರಲ್ಲಿ ಮತ್ತೆ ಆಜ್ಞೆ ಹೊರಡಿಸಬೇಕಾಯಿತು. ಮೊದಲನೆಯದನ್ನು ಜನರು ಎಷ್ಟು ಪಾಲಿಸಿದರೆಂಬುದು ಎರಡನೆಯದರಿಂದಲೇ ತಿಳಿಯುತ್ತದೆ.

ಇನ್ನು ಈ ಚೂರಿಯ ವಿಷಯದಲ್ಲಿ ಬಹುವಾಗಿ ಪ್ರಚಾರದಲ್ಲಿರುವ ಕಥೆ. ಮಾನಕ್ಕೆ ಅಪಾಯ ಒದಗಿದಾಗ ಕುಲಸ್ತ್ರೀ ತನ್ನ ಪ್ರಾಣವನ್ನೇ ತೊರೆಯಲೆಂದು ಇದನ್ನು ಎದೆಯಲ್ಲಿಟ್ಟುಕೊಳ್ಳುತ್ತಿದ್ದಳು ಎಂಬುದು ಆ ಕಥೆ. ಇದು ನಿರಾಧಾರವಲ್ಲ. ಸೇಜೋಂಗ್ ರಾಜನ ಆಳಿಕೆಯಲ್ಲಿ 1434ರಲ್ಲಿ ಪ್ರಕಟವಾದ ಸಚಿತ್ರ ನೀತಿಗ್ರಂಥವೊಂದು ಪಿತೃಭಕ್ತಿ, ರಾಜನಿಷ್ಠೆಗಳ ಜೊತೆಗೆ ಪಾತಿವ್ರತ್ಯವನ್ನೂ ಬೋಧಿಸಿತು. 1592ರಿಂದ 1598ರವರೆಗೆ ನಡೆದ ಜಪಾನೀ ಆಕ್ರಮಣದ ತರುವಾಯ, 1617ರ ಇನ್ನೊಂದು ಸಂಗ್ರಹ ಯುದ್ಧದಲ್ಲಿ ಹೀಗೆ ಮಡಿದ ಹಲವು ಸ್ತ್ರೀಯರನ್ನು ಕೀರ್ತಿಸಿತು. ಕೆಲವು ಅಲಗುಗಳ ಮೇಲೆ ಏಕನಿಷ್ಠವಾದ ಕೆಂಪು ಹೃದಯ ಎಂಬರ್ಥದ ನಾಲ್ಕು ಅಕ್ಷರಗಳನ್ನು ಕೊರೆಯುವುದೂ ಉಂಟು. ಆದರೆ ಮಡಿದವಳನ್ನು ಹೊಗಳುವುದು ಸುಲಭ, ಅವಳನ್ನು ಕಾಪಾಡಬೇಕಾದವರು ಎಲ್ಲಿದ್ದರೆಂದು ಕೇಳುವುದು ಕಷ್ಟ. ಆ ಗ್ರಂಥಗಳು ಎರಡನೆಯ ಪ್ರಶ್ನೆಯನ್ನು ಎತ್ತಲಿಲ್ಲ. ಮೇಲಾಗಿ ಅದೇ ಚೂರಿಯಿಂದ ದಾರ ಕತ್ತರಿಸಿದ, ಹಣ್ಣು ಹೆಚ್ಚಿದ ಸಾವಿರಾರು ದಿನಗಳ ಬಾಳು ಆ ಒಂದು ಕಥೆಯ ನೆರಳಿನಲ್ಲಿ ಮರೆಯಾಗಿಹೋಗುತ್ತದೆ.

ಸಂಗ್ರಾಹಕರಿಗೆ ತೊಡಕು ಒದಗುವುದು ಇಲ್ಲಿಯೇ. ಕರುಣಾಜನಕವಾದ ಕಥೆಯಿದ್ದರೆ ವಸ್ತುವಿನ ಬೆಲೆ ಏರುತ್ತದೆ. ಆದಕಾರಣ ಮಾರುವವನು ಕಥೆಯನ್ನು ಮೊದಲು ಹೇಳುತ್ತಾನೆ, ಚೂರಿಯನ್ನು ಆಮೇಲೆ ತೋರಿಸುತ್ತಾನೆ. ಕೊಳ್ಳುವವನು ಈ ಕ್ರಮವನ್ನು ತಿರುಗಿಸಬೇಕು. ಬಿಳಿತಾಮ್ರ ಬೆಳ್ಳಿಯೆಂಬ ಹೆಸರಿನಲ್ಲಿ ಬಂದಿದೆಯೇ, ಅಲಗು ಸಾಣೆಯಿಂದ ಸವೆದಿದೆಯೇ, ಅಲಗಿಗೂ ಒರೆಗೂ ಹೊಂದಿಕೆಯುಂಟೇ, ಅಥವಾ ಎರಡು ಚೂರಿಗಳ ಭಾಗಗಳನ್ನು ಒಂದಾಗಿಸಿದ್ದಾರೆಯೇ ಎಂದು ಪರೀಕ್ಷಿಸಬೇಕು. ಹಳೆಯ ಬೆಳ್ಳಿಯನ್ನು ಫಳಫಳ ಹೊಳೆಯುವಂತೆ ಉಜ್ಜುವುದು ದೊಡ್ಡ ಅಪಚಾರ. ಉಜ್ಜಿದಷ್ಟೂ ಕೆತ್ತನೆಯ ಅಂಚು ಮೊಂಡಾಗುತ್ತದೆ. ದಂತ, ಆಮೆಚಿಪ್ಪುಗಳಿರುವ ಚೂರಿಗಳು ದೇಶದಿಂದ ದೇಶಕ್ಕೆ ಸ್ವೇಚ್ಛೆಯಾಗಿ ಸಾಗುವಂತಿಲ್ಲ; ವನ್ಯಜೀವಿಗಳ ವ್ಯಾಪಾರವನ್ನು ಕುರಿತ ಅಂತರರಾಷ್ಟ್ರೀಯ ಒಪ್ಪಂದ 1975ರಿಂದ ಜಾರಿಯಲ್ಲಿದೆ. ಪ್ರಾಚೀನ ವಸ್ತುಗಳನ್ನು ಹೊರಗೊಯ್ಯುವುದರ ಮೇಲೆ ಕೊರಿಯಾ ಸರ್ಕಾರದ ನಿರ್ಬಂಧಗಳೂ ಇವೆ.

ಹಳೆಯದು ದೊರೆಯದಿದ್ದರೆ ಹೊಸದನ್ನು ಕೊಳ್ಳುವುದರಲ್ಲಿ ಕೀಳೇನಿಲ್ಲ. ಚೂರಿ ಮಾಡುವ ಈ ಕುಶಲವಿದ್ಯೆಯನ್ನು ದಕ್ಷಿಣ ಕೊರಿಯಾ 1978ರಲ್ಲಿ ರಾಷ್ಟ್ರದ ಅಮೂರ್ತ ಸಂಪತ್ತೆಂದು ಘೋಷಿಸಿ, ದಕ್ಷಿಣ ಜೊಲ್ಲಾ ಪ್ರಾಂತದ ಗ್ವಾಂಗ್‌ಯಾಂಗ್ ಊರಿನ ಪಾಕ್ ಯೋಂಗ್‌ಗಿ ಎಂಬ ಕುಶಲಿಯನ್ನು ಆ ವಿದ್ಯೆಯ ಧಾರಕನೆಂದು ಗುರುತಿಸಿತು. ಆತನ ತರುವಾಯ ಮಗನಾದ ಪಾಕ್ ಜೋಂಗ್‌ಗುನ್ ಅದೇ ಸ್ಥಾನಕ್ಕೆ ಬಂದರು. ಆ ಊರಿನಲ್ಲಿ ಈ ಚೂರಿಗಳಿಗೆಂದೇ ಒಂದು ವಸ್ತುಸಂಗ್ರಹಾಲಯವಿದೆ.