ಗಡಿನಾಡಿನ ನುಡಿಗಲಿಕೆ

ಮುಳಬಾಗಿಲು ಸೀಮೆಯ ಹಳ್ಳಿಯೊಂದರಲ್ಲಿ ಮಳೆಗಾಲದ ಮುಂಜಾನೆ ‘ಕೋಡಿ, ಕೋಡಿ!’ ಎಂಬ ಕೂಗು ಕೇಳಿಬಂದಿತೆಂದು ಭಾವಿಸೋಣ. ಕನ್ನಡ ಮನೆಮಾತಿನವನು ಕೆರೆ ತುಂಬಿ ಕೋಡಿ ಹರಿಯುತ್ತಿದೆಯೆಂದು ಏರಿಯತ್ತ ಓಡಿಯಾನು. ತೆಲುಗು ಮನೆಮಾತಿನವನು ಹಿತ್ತಿಲಿನತ್ತ ಓಡಿಯಾನು. ಏಕೆಂದರೆ ತೆಲುಗಿನಲ್ಲಿ ಕೋಡಿ ಎಂದರೆ ಕೋಳಿ.

ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳು ಆಂಧ್ರಪ್ರದೇಶದ ಗಡಿಗೆ ತಾಗಿವೆ. ಮಾಲೂರು ತಮಿಳುನಾಡಿನ ಗಡಿಗೆ ತಾಗಿದೆ. ಇಲ್ಲಿನ ಅನೇಕ ಮನೆಗಳ ಮಾತು ತೆಲುಗು. ತಮಿಳು, ಉರ್ದು ಆಡುವ ಮನೆಗಳೂ ಉಂಟು. ಪಾಠಶಾಲೆಯ ನುಡಿ ಕನ್ನಡ. ಹೀಗಾಗಿ ಎರಡನೆಯ ಭಾಷೆಯನ್ನು ಕಲಿಯುವುದು ಇಲ್ಲಿಯ ಜನಕ್ಕೆ ವಿದ್ವಾಂಸರ ಹವ್ಯಾಸವಲ್ಲ, ನಿತ್ಯದ ಕೆಲಸ.

ಕೋಲಾರದ ಟೊಮೇಟೊ ಮಂಡಿಗೋ ಶ್ರೀನಿವಾಸಪುರದ ಮಾವಿನ ಮಂಡಿಗೋ ಬಂದ ಹೊಸಬನು ಮೊದಲು ವ್ಯಾಕರಣವನ್ನು ಕೇಳುವುದಿಲ್ಲ, ಎಣಿಕೆಯನ್ನು ಕಲಿಯುತ್ತಾನೆ. ‘ಆರು’ ಮೂರು ಭಾಷೆಗಳಲ್ಲಿಯೂ ಆರೇ. ನಾಲ್ಕು ತೆಲುಗಿನಲ್ಲಿ ‘ನಾಲುಗು’. ಮುಂದೆ ಬೆಲೆ, ತೂಕ, ‘ಕೊಡು’, ‘ಬೇಡ’. ತಿಳಿಯದ ಮಾತನ್ನು ಕೈಸನ್ನೆಯಿಂದಲೂ ಮುಖಭಾವದಿಂದಲೂ ಊಹಿಸುತ್ತಾನೆ. ತಪ್ಪಿದರೆ ನಗೆಯೇಳುತ್ತದೆ, ಆದರೆ ವ್ಯಾಪಾರ ನಿಲ್ಲುವುದಿಲ್ಲ.

ತರಗತಿಯಲ್ಲಿ ಹಾಗಲ್ಲ. ಕೋಳಿಯನ್ನು ಕೋಡಿ ಎಂದ ಬಾಲಕನನ್ನು ಕಂಡು ಸಹಪಾಠಿಗಳು ನಕ್ಕರೆ ಅವನು ಮರುದಿನ ಬಾಯಿ ತೆರೆಯದೆ ಇರಬಹುದು. ಅವನಿಗೆ ಒದಗುವ ನಷ್ಟ ಒಂದು ಪದದ್ದಲ್ಲ. ಮಾತನಾಡದವನಿಗೆ ತಿದ್ದುವವರು ಯಾರು?

ವಾಸ್ತವವಾಗಿ ಆ ಬಾಲಕನ ತಪ್ಪಿನಲ್ಲಿಯೇ ಒಂದು ಕೀಲಿಕೈ ಅಡಗಿದೆ. ಕನ್ನಡದ ‘ಕೋಳಿ’ ತೆಲುಗಿನಲ್ಲಿ ‘ಕೋಡಿ’ಯಾದಂತೆಯೇ ‘ಏಳು’ ಎಂಬ ಸಂಖ್ಯೆ ‘ಏಡು’ ಆಗಿದೆ. ಕೆರೆ–ಚೆರುವು, ಕಿವಿ–ಚೆವಿ, ಕೈ–ಚೆಯ್ಯಿ ಎಂಬ ಜೋಡಿಗಳನ್ನು ಸಾಲಾಗಿ ಬರೆದು ನೋಡಿದರೆ ಕಕಾರವು ಚಕಾರವಾಗಿರುವುದು ಕಾಣುತ್ತದೆ. ಹಾಲು, ಹುಲಿ, ಹಾವು ಎಂಬುವು ತೆಲುಗಿನಲ್ಲಿ ಪಾಲು, ಪುಲಿ, ಪಾಮು. ಹಳಗನ್ನಡದಲ್ಲಿಯೂ ಇವು ಪಾಲ್, ಪುಲಿ, ಪಾವು ಎಂದೇ ಇದ್ದುವು. ಆದುದರಿಂದ ಪಂಪನ ಕಾವ್ಯವನ್ನು ಓದುವಾಗ ತೆಲುಗು ಮನೆಯ ಹುಡುಗನಿಗೆ ಈ ಶಬ್ದಗಳು ನೆರೆಯವರಂತೆ ಪರಿಚಿತವಾಗಿ ತೋರಬಹುದು. ಕನ್ನಡ ಮನೆಯವನೇ ಅರ್ಥಕೋಶವನ್ನು ತೆರೆಯಬೇಕಾದೀತು! ಆದರೆ ಈ ಕೀಲಿಕೈ ಎಲ್ಲ ಬೀಗಗಳಿಗೂ ಹೊಂದುವುದಿಲ್ಲ. ‘ಹುಡುಗ’ನನ್ನು ‘ಪುಡುಗ’ ಎಂದರೆ ತೆಲುಗರಿಗೆ ಅರ್ಥವಾಗದು. ಅವರ ಮಾತು ‘ಅಬ್ಬಾಯಿ’. ಊಹಿಸಬೇಕು, ಊಹೆಯನ್ನು ಕೇಳಿ ಸರಿಪಡಿಸಿಕೊಳ್ಳಲೂ ಬೇಕು.

ಲಿಪಿಯ ವಿಷಯದಲ್ಲಿ ತೆಲುಗರಿಗೆ ಶ್ರಮ ಕಡಿಮೆ. ಎರಡು ಲಿಪಿಗಳೂ ಒಂದೇ ಮೂಲದವು. ತಮಿಳು ಲಿಪಿಯಲ್ಲಾದರೋ ಪ, ಬಗಳಿಗೆ ಒಂದೇ ಅಕ್ಷರ. ಅದನ್ನು ಮೊದಲು ಕಲಿತವರು ಕನ್ನಡದ ಈ ಎರಡು ಅಕ್ಷರಗಳನ್ನು ಕಿವಿಗೊಟ್ಟು ಬೇರ್ಪಡಿಸಿಕೊಳ್ಳಬೇಕು.

ಜೋನ್ ರೂಬಿನ್ ಎಂಬ ಭಾಷಾತಜ್ಞೆ 1975ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಭಾಷೆಯನ್ನು ಚೆನ್ನಾಗಿ ಕಲಿಯುವವರ ಲಕ್ಷಣಗಳನ್ನು ವಿವರಿಸಿದರು. ಅವರು ಧೈರ್ಯವಾಗಿ ಊಹಿಸುತ್ತಾರೆ, ತಪ್ಪಾದೀತೆಂದು ಹಿಂಜರಿಯುವುದಿಲ್ಲ, ಮಾತನಾಡುವ ಅವಕಾಶವನ್ನು ಹುಡುಕುತ್ತಾರೆ, ತಮ್ಮ ಮಾತನ್ನು ತಾವೇ ಗಮನಿಸುತ್ತಾರೆ. ಮಂಡಿಯ ಹಮಾಲಿಗೆ ಈ ಲೇಖನದ ಸುದ್ದಿ ತಿಳಿಯದು. ಅವನ ನಡೆ ಮಾತ್ರ ಇದೇ.

ಪುಸ್ತಕದ ಮಾರ್ಗವೂ ಈ ನೆಲಕ್ಕೆ ಅಪರಿಚಿತವಲ್ಲ. 1887ರಲ್ಲಿ ಮುಳಬಾಗಿಲಿನಲ್ಲಿ ಜನಿಸಿದ ಡಿ. ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಆದರೂ ಬಹುಮಟ್ಟಿಗೆ ಸ್ವಂತ ವ್ಯಾಸಂಗದಿಂದ ಸಂಸ್ಕೃತವನ್ನೂ ಇಂಗ್ಲಿಷನ್ನೂ ಕೈವಶ ಮಾಡಿಕೊಂಡು, ಇಂಗ್ಲಿಷಿನಲ್ಲಿ ‘ಕರ್ನಾಟಕ’ ಪತ್ರಿಕೆಯನ್ನು ನಡೆಸಿದರು.

ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1891ರಲ್ಲಿ ಹುಟ್ಟಿದರು. ಅವರ ಮನೆಮಾತು ತಮಿಳು, ಎಂ. ಎ. ಪದವಿಗಾಗಿ ಓದಿದ್ದು ಇಂಗ್ಲಿಷ್ ಸಾಹಿತ್ಯವನ್ನು. ಕಥೆಗಳನ್ನು ಬರೆದದ್ದು ಕನ್ನಡದಲ್ಲಿ. ‘ಚಿಕವೀರ ರಾಜೇಂದ್ರ’ ಕಾದಂಬರಿಗಾಗಿ ಅವರಿಗೆ 1983ರ ಜ್ಞಾನಪೀಠ ಪ್ರಶಸ್ತಿ ದೊರೆಯಿತು. ತಮಿಳು ಮನೆಯಲ್ಲಿ ಬೆಳೆದ ಈ ಹಿರಿಯರನ್ನು ನಾಡಿನ ಜನ ‘ಕನ್ನಡದ ಆಸ್ತಿ’ ಎಂದು ಕರೆದರು.