ತೂಕಕ್ಕೆ ಕೊಂಡ ಹೊಲಿಗೆ ಮಷಿನ್

ಶಿವಮೊಗ್ಗದ ಗುಜರಿ ಅಂಗಡಿಯೊಂದರಲ್ಲಿ ಹಳೇ ಸೈಕಲ್ ರಿಮ್ಮುಗಳ ಕೆಳಗೆ ಕಾಲಿನ ಹೊಲಿಗೆ ಮಷಿನ್ ಬಿದ್ದಿತ್ತು. ಹಲಗೆಯನ್ನು ಗೆದ್ದಲು ಮುಗಿಸಿತ್ತು. "ತಿರುಗೋದೇ ಇಲ್ಲ ಅಕ್ಕಾ, ಬೇಕಾದ್ರೆ ತೂಕಕ್ಕೆ ಹಾಕ್ಕೊಡ್ತೀನಿ" ಅಂದರು ಅಂಗಡಿಯವರು. ಕಿಲೋಗೆ 40ರಂತೆ 38 ಕಿಲೋ, 1,520 ರೂಪಾಯಿ.

ದುಡ್ಡು ಕೊಡುವ ಮುಂಚೆ ನಾನು ನೋಡಿದ್ದು ಎರಡೇ: ಬೀಡುಕಬ್ಬಿಣದಲ್ಲಿ ಬಿರುಕಿದೆಯೇ, ಕೈಚಕ್ರ ಹೇಗೆ ನಿಲ್ಲುತ್ತದೆ. ಚಕ್ರ ಎಳ್ಳಷ್ಟು ಅಲುಗಿ ಮೇಣದಲ್ಲಿ ಸಿಕ್ಕಿಕೊಂಡಂತೆ ನಿಂತಿತು. ಅದು ಮುರುಕಲ್ಲ, ಜಿಡ್ಡು. ಮಷಿನ್ ಎಣ್ಣೆ ಮುಗಿದಾಗ ಕೊಬ್ಬರಿ ಎಣ್ಣೆ ಬಿಡುವ ರೂಢಿ ನಮ್ಮ ಮನೆಗಳಲ್ಲಿ ಉಂಟು. ವರ್ಷ ಕಳೆದಂತೆ ಅದು ಅಂಟಾಗಿ ಧೂಳನ್ನೆಲ್ಲ ಹಿಡಿದುಕೊಳ್ಳುತ್ತದೆ. ಮುರಿದದ್ದಕ್ಕೂ ಅಂಟಿಕೊಂಡದ್ದಕ್ಕೂ ಗುಜರಿಯಲ್ಲಿ ಒಂದೇ ಬೆಲೆ. ಲಾಭವಿದ್ದದ್ದು ಅಲ್ಲೇ.

ಮೂರು ಸಂಜೆ ಸೀಮೆಎಣ್ಣೆ ಬಿಟ್ಟು, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ಶಟಲ್ ಬಿಚ್ಚಿದರೆ ಒಳಗೆ ಕೆಂಪು ದಾರದ ಗಂಟು, ಅದರೊಳಗೆ ಬ್ಲೌಸಿನ ಒಂದು ಹುಕ್ಕು! ಅದನ್ನು ಚಿಮಟದಲ್ಲಿ ಎಳೆದು ತೆಗೆದ ಮೇಲೆ ಚಕ್ರ ಮೊದಲ ಸಲ ಪೂರಾ ಸುತ್ತು ಬಂತು. ಆ ಕ್ಷಣದ ಖುಷಿಗೆ ಲೆಕ್ಕದಲ್ಲಿ ಕಾಲಂ ಇಲ್ಲ.

ಮಸಿ ಹೋದ ಮೇಲೆ ಹೆಸರು ಕಂಡಿತು: ಸಿಂಗರ್ 15ಕೆ. ಆ 'ಕೆ' ಎಂದರೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿದ್ದ ಕಿಲ್ಬೋವಿ ಕಾರ್ಖಾನೆ. ಅದು 1980ರಲ್ಲಿ ಮುಚ್ಚಿತು. ಹೆಸರು ನೋಡಿ 'ಆ್ಯಂಟಿಕ್' ಎಂದು ಹೆಚ್ಚು ದುಡ್ಡು ಕೊಡಬೇಡಿ. ಇವು ಲಕ್ಷಗಟ್ಟಲೆ ತಯಾರಾದ ಮಾಲು. ಇದರ ನಿಜವಾದ ಬೆಲೆ ಇರುವುದು ಬೇರೆ ಕಡೆ: ನಮ್ಮಲ್ಲಿನ ಸಾದಾ ಮಷಿನ್‌ಗಳು ಇದೇ ಮಾದರಿಯವು. ಹಾಗಾಗಿ ಇದರ ಸೂಜಿ, ಬಾಬಿನ್ ಇವತ್ತಿಗೂ ಯಾವುದೇ ಊರಿನ ಪೇಟೆಯಲ್ಲಿ ಸಿಗುತ್ತವೆ. ಬಿಡಿಭಾಗ ಸಿಗದ ಮಷಿನ್ ಪುಕ್ಕಟೆ ಕೊಟ್ಟರೂ ನನಗೆ ಬೇಡ.

ಆಟೋ ಬಾಡಿಗೆ 250. ಚರ್ಮದ ಬೆಲ್ಟ್, ಬಾಬಿನ್ ಕೇಸ್, ಸೂಜಿ, ಎಣ್ಣೆ ಸೇರಿ 380. ಬಡಗಿಯಿಂದ ಹೊಸ ಹಲಗೆಗೆ 1,400, ಮಷಿನ್‌ಗೆ ಕೊಟ್ಟಷ್ಟೇ ಹತ್ತಿರ ಹತ್ತಿರ! ಒಟ್ಟು 3,550. ಹೊಸ ಕಾಲಿನ ಮಷಿನ್‌ಗೆ ಅಂಗಡಿಯಲ್ಲಿ ಹೇಳಿದ್ದು 8,200. ಬಣ್ಣ ಹೊಡೆಸಿ ಎಂದು ಹೇಳಿದವರಿದ್ದರು, ನಾನು ಒಪ್ಪಲಿಲ್ಲ. ಮಾಸಿದ ಹೊಂಬಣ್ಣದ ಬಳ್ಳಿಚಿತ್ತಾರ ಹೋದರೆ ಮತ್ತೆ ಬರದು, ಹೊಲಿಗೆಗೂ ಅದರಿಂದ ಏನೂ ಆಗಬೇಕಿಲ್ಲ.

ಉಳಿತಾಯ ಬರೆಯುವಾಗ ಮೊದಲು ತಪ್ಪಿದೆ. ಹಳೇ ಸೀರೆಯ ದಿಂಬಿನ ಕವರಿಗೂ ಟೈಲರ್ ಮಜೂರಿ ಹಾಕಿಕೊಂಡಿದ್ದೆ. ಮಷಿನ್ ಇರದಿದ್ದರೆ ಅದನ್ನು ನಾನು ಹೊಲಿಸುತ್ತಲೇ ಇರಲಿಲ್ಲವಲ್ಲ! ಅಂಥವನ್ನೆಲ್ಲ ಹೊಡೆದುಹಾಕಿ, ಪ್ಯಾಂಟ್ ಮಡಿಕೆ, ಬ್ಲೌಸ್ ಬಿಗಿ, ಯೂನಿಫಾರ್ಮ್, ಪರದೆ ಇಷ್ಟನ್ನೇ ಹಿಡಿದರೆ ಹಾಕಿದ ದುಡ್ಡು ವಾಪಸಾಗಲು 14 ತಿಂಗಳು ಬೇಕಾಯಿತು.

ಮೊನ್ನೆ ಅದೇ ಅಂಗಡಿಯವರು ಕರೆದು ಇನ್ನೊಂದು ತೋರಿಸಿದರು. ಬಣ್ಣ ಹೊಸದರಂತಿತ್ತು, ಚಕ್ರ ಬೆರಳಲ್ಲೇ ತಿರುಗುತ್ತಿತ್ತು. ತೋಳಿನ ಬುಡದಲ್ಲಿ ಮಾತ್ರ ಕೂದಲೆಳೆಯಷ್ಟು ಬಿರುಕು. "ಇದು ಬೇಡಣ್ಣಾ" ಎಂದು, ಅದರ ಬಾಬಿನ್ ಕೇಸನ್ನಷ್ಟೇ 50 ರೂಪಾಯಿಗೆ ಕೇಳಿ ತಂದೆ.