ಆಡದ ಮಾತು ಮಕ್ಕಳಿಗೆ ತಿಳಿಯುವ ಬಗೆ

ಶರಣರ ವಚನಗಳಲ್ಲಿ ಆಡಿದ ಮಾತಿಗೆಂತೋ ಆಡದೆ ಉಳಿಸಿದ ಮಾತಿಗೂ ಅಂತೆಯೇ ಬೆಲೆಯುಂಟು. ಅಲ್ಲಮಪ್ರಭುಗಳ ಬೆಡಗಿನ ವಚನಗಳಲ್ಲಂತೂ ಆಡದುದೇ ಹೆಚ್ಚು. ವಚನವನ್ನು ನಿರರ್ಗಳವಾಗಿ ಒಪ್ಪಿಸುವ ಬಾಲಕನು ಅದರ ಇಂಗಿತವನ್ನು ಕೇಳಿದೊಡನೆ ಮೌನ ತಾಳಿದರೆ, ಅವನನ್ನು ಮಂದಮತಿಯೆಂದು ಜರೆಯುವ ಹಿರಿಯರುಂಟು. ಇದು ಅನ್ಯಾಯವೇ ಸರಿ.

ಬಾಳೆಯ ಗೊನೆಯನ್ನು ನೋಡಿ ತಾಯಿಯು "ಕೆಲವು ಹಣ್ಣಾಗಿವೆ" ಎಂದರೆ, ಎಲ್ಲವೂ ಹಣ್ಣಾಗಿಲ್ಲವೆಂದು ದೊಡ್ಡವರು ತಿಳಿಯುತ್ತಾರೆ. ಆಕೆ ಹಾಗೆಂದು ಹೇಳಿಲ್ಲ. "ಎಲ್ಲ" ಎನ್ನಬಹುದಾಗಿದ್ದವಳು ಹಾಗೆನ್ನಲಿಲ್ಲ, ಅಷ್ಟೆ. ಮಕ್ಕಳಿಗೆ ಈ ಊಹೆ ಬೇಗನೆ ಒದಗದು. ಫ್ರೆಂಚ್ ಭಾಷೆಯ ಮಕ್ಕಳನ್ನು ಪರೀಕ್ಷಿಸಿ ನೋವೆಕ್ ಎಂಬ ವಿದ್ವಾಂಸರು 2001ರಲ್ಲಿ ಪ್ರಕಟಿಸಿದಂತೆ, "ಕೆಲವು ಜಿರಾಫೆಗಳಿಗೆ ಉದ್ದನೆಯ ಕತ್ತುಂಟು" ಎಂಬಂತಹ ಮಾತುಗಳನ್ನು ಎಂಟು ವರ್ಷದವರು ನೂರಕ್ಕೆ 89ರಷ್ಟು ಸಲ ಒಪ್ಪಿದರು; ದೊಡ್ಡವರು ಒಪ್ಪಿದ್ದು 41ರಷ್ಟು ಮಾತ್ರ. ತರ್ಕದ ದೃಷ್ಟಿಯಿಂದ ಮಕ್ಕಳದು ತಪ್ಪೂ ಅಲ್ಲ: ಎಲ್ಲಕ್ಕೂ ಇದ್ದರೆ ಕೆಲವಕ್ಕೂ ಇದ್ದೇ ಇರುವುದಷ್ಟೆ!

ಕಾರಣವೇನು? ಬಾರ್ನರ್ ಮತ್ತು ಸಂಗಡಿಗರು 2011ರಲ್ಲಿ ನಾಲ್ಕು ವರ್ಷದ ಮಕ್ಕಳಿಗೆ ಮಲಗಿರುವ ಮೂರು ಪ್ರಾಣಿಗಳ ಚಿತ್ರವನ್ನು ತೋರಿಸಿದರು. "ಕೆಲವು ಮಾತ್ರ ಮಲಗಿವೆಯೆ?" ಎಂದಾಗ ಮಕ್ಕಳು ಹೌದೆಂದರು. "ಬೆಕ್ಕು ಮತ್ತು ಹಸು ಮಾತ್ರ ಮಲಗಿವೆಯೆ?" ಎಂದಾಗ ಅಲ್ಲವೆಂದರು. ಬುದ್ಧಿಗೆ ಕೊರತೆಯಿರಲಿಲ್ಲ, "ಕೆಲವು" ಎಂದೊಡನೆ ಅದರ ನೆರೆಯ "ಎಲ್ಲ" ಎಂಬ ಪದ ನೆನಪಿಗೆ ಬರಲಿಲ್ಲವೆಂದೇ ಆ ವಿದ್ವಾಂಸರ ಅಭಿಪ್ರಾಯ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆ ಈ ವಿಚಾರಕ್ಕೆ ಮತ್ತೊಂದು ಮುಖವುಂಟು. ಅಲ್ಲಿನ ಅನೇಕ ಮಕ್ಕಳಿಗೆ ಮನೆಮಾತು ತುಳು. ವಚನದ ಕನ್ನಡವು ಶಾಲೆಯಿಂದಲೂ ಪುಸ್ತಕದಿಂದಲೂ ಬರತಕ್ಕದ್ದು. "ರಾಮನೂ ಬಂದನು" ಎಂಬಲ್ಲಿಯ ಊಕಾರವು ಬೇರೊಬ್ಬನೂ ಬಂದಿರುವನೆಂದು ಸೂಚಿಸುತ್ತದೆ. ತುಳುವಿನ "ರಾಮೆಲಾ ಬತ್ತೆ" ಎಂಬಲ್ಲಿಯ ಲಾಕಾರವೂ ಅದನ್ನೇ ಸೂಚಿಸುತ್ತದೆ. ಅಂಗಳದಲ್ಲಿ ಈ ಸೂಚನೆಯನ್ನು ತಪ್ಪದೆ ಹಿಡಿಯುವ ಮಗುವು ಗ್ರಂಥದ ಕನ್ನಡದಲ್ಲಿ ತಡವರಿಸಿದರೆ, ಆ ಎರಡನ್ನೂ ಜೊತೆಗಿಟ್ಟು ತೋರಿಸುವುದು ಪಾಲಕರ ಕೆಲಸ.

ಆದುದರಿಂದ ವಚನವನ್ನು ಕಲಿಸುವಾಗ "ಇದರ ಅರ್ಥವೇನು?" ಎಂದು ಗದರುವುದರಿಂದ ಫಲವಿಲ್ಲ. "ಶರಣರು ಈ ಪದದ ಬದಲಿಗೆ ಯಾವುದನ್ನು ಹೇಳಬಹುದಾಗಿತ್ತು? ಯಾರಿಗೆ ಹೇಳಿದರು?" ಎಂದು ಕೇಳಬೇಕು. ಶೂನ್ಯಸಂಪಾದನೆಯ ಸಂಕಲನಕಾರರೂ ಬಿಡಿವಚನಗಳನ್ನು ಶರಣರ ಸಂವಾದವಾಗಿ ಜೋಡಿಸಿ, ಕೇಳುವವನನ್ನು ಹೇಳುವವನ ಎದುರಿಗೆ ತಂದು ಕುಳ್ಳಿರಿಸಿದರು.